ಎಲೆಮರೆಯ ಹಾಲಕ್ಕಿ

ಬೆಂಗಳೂರಿನ ಲಾಲ್‌ಬಾಗಿನ ಹೆಬ್ಬಂಡೆಯ ಮೇಲೆ ನಿಂತು ಸೂರ್ಯೋದಯವನ್ನು ಕಾಣಬೇಕೆನ್ನುವವರು ಬೆಳಗಿನ ಆರು ಗಂಟೆಗೆಲ್ಲ ಅಲ್ಲಿರಬೇಕು. ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಆ ಬಂಡೆಯ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಪುಟ್ಟ ಗೋಪುರವಿದೆ. ಕೆಳಗೆ, 1760ರಲ್ಲಿ ಹೈದರಾಲಿಯು ಆರಂಭಿಸಿ ಟಿಪ್ಪು ಬೆಳೆಸಿದ ತೋಟ. ಅದರ ನಡುವೆ 1889ರಲ್ಲಿ ಅಸ್ತಿಭಾರ ಕಂಡ ಗಾಜಿನ ಮನೆ. ಆಚೆಗೆ ಮಂಜಿನ ತೆಳುಪರದೆಯ ಹಿಂದೆ ಕೆರೆ. ಸೂರ್ಯನು ಮೊದಲ ಕಿರಣವನ್ನು ಚೆಲ್ಲುವ ಹೊತ್ತಿಗೆ ಬಂಡೆಯ ಮೇಲೆ ವಾಯುಸೇವನೆಯವರು, ಯೋಗಾಸನದವರು, ಲೋಕಾಭಿರಾಮದ ಮಾತಿನವರು ಎಲ್ಲರೂ ಸೇರಿರುತ್ತಾರೆ. ಅವರ ನಡುವೆ, ತಿಂಗಳಿಗೆ ಎರಡು ಭಾನುವಾರ, ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡ ಹತ್ತು ಹನ್ನೆರಡು ಮಂದಿಯ ಒಂದು ಗುಂಪೂ ಕಾಣಸಿಗುತ್ತದೆ.

ಅದು ನಗರದ ಒಂದು ಛಾಯಾಗ್ರಹಣ ಸಂಘ. ಬ್ಯಾಂಕಿನ ಗುಮಾಸ್ತರು, ಕಂಪ್ಯೂಟರ್ ಕಂಪನಿಯ ತರುಣರು, ನಿವೃತ್ತ ಉಪಾಧ್ಯಾಯರು, ದಂತವೈದ್ಯೆಯೊಬ್ಬರು, ಕಾಲೇಜು ವಿದ್ಯಾರ್ಥಿಗಳು, ಹೀಗೆ ಬೇರೆಬೇರೆ ದಾರಿಯಲ್ಲಿ ಬದುಕು ಸಾಗಿಸುವವರನ್ನು ಒಂದೆಡೆ ಸೇರಿಸಿರುವುದು ಬೆಳಕಿನ ಮೋಹವೊಂದೇ. ಸಂಘದ ಸದಸ್ಯತ್ವ ಪಡೆಯುವುದು ಕಷ್ಟವಲ್ಲ. ಒಂದು ಅರ್ಜಿ, ಅಷ್ಟಿಷ್ಟು ಚಂದಾ ಹಣ, ಅಷ್ಟೆ. ಸೇರಿದವರು ಉಳಿದುಕೊಳ್ಳುವುದು ಮಾತ್ರ ಬೇರೆಯೇ ಮಾತು. ಪ್ರತಿ ವರ್ಷ ಹತ್ತಾರು ಹೆಸರುಗಳು ಪಟ್ಟಿಗೆ ಸೇರುತ್ತವೆ. ಮೂರು ತಿಂಗಳು ಕಳೆಯುವುದರೊಳಗೆ ಅರ್ಧಕ್ಕರ್ಧ ಮುಖಗಳು ಮರೆಯಾಗಿರುತ್ತವೆ. ಹೋದವರು ಏಕೆ ಹೋದರು, ಉಳಿದವರು ಹೇಗೆ ಉಳಿದರು ಎಂಬುದು ಯಾವ ವಾರ್ಷಿಕ ವರದಿಯಲ್ಲೂ ದಾಖಲಾಗುವುದಿಲ್ಲ.

ಹಳೆಯ ಊರು, ಹಳೆಯ ಹವ್ಯಾಸ

ಬೆಂಗಳೂರಿಗೆ ಕ್ಯಾಮೆರಾದ ನಂಟು ಇಂದು ನಿನ್ನೆಯದಲ್ಲ. ಪ್ಯಾರಿಸ್ಸಿನಲ್ಲಿ ಡಗೇರ್ ತನ್ನ ಶೋಧವನ್ನು ಜಗತ್ತಿಗೆ ಸಾರಿದ್ದು 1839ರಲ್ಲಿ. ಅದಾಗಿ ಹದಿನೈದು ವರ್ಷಗಳಲ್ಲಿ, ಮದರಾಸು ಸೈನ್ಯಕ್ಕೆ ಸೇರಿ ಬೆಂಗಳೂರಿನಲ್ಲಿದ್ದ ಲಿನೇಯಸ್ ಟ್ರೈಪ್ ಎಂಬ ಅಧಿಕಾರಿಯು ತನ್ನ ಭಾರವಾದ ಪೆಟ್ಟಿಗೆಯನ್ನು ಹೊರಿಸಿಕೊಂಡು ಹೊರಟು, 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದನು. ಹೊಯ್ಸಳ ಶಿಲ್ಪಿಯ ಉಳಿಯ ಮೊನೆ ಕಲ್ಲಿನಲ್ಲಿ ಬಿಡಿಸಿದ್ದನ್ನು ಬೆಳಕು ಕಾಗದದ ಮೇಲೆ ಬಿಡಿಸಿದ ಮೊದಮೊದಲ ಪ್ರಸಂಗಗಳಲ್ಲಿ ಅದೊಂದು.

ಅದೇ 1854ರಲ್ಲಿ ಮುಂಬಯಿಯಲ್ಲಿ ಛಾಯಾಗ್ರಹಣಾಸಕ್ತರ ಸಂಘವೊಂದು ಹುಟ್ಟಿತು. ಬಲುಬೇಗ ಕಲ್ಕತ್ತೆಯೂ ಮದರಾಸೂ ಅದನ್ನು ಅನುಸರಿಸಿದವು. ಒಬ್ಬನೇ ಮಾಡುವ ಈ ಕೆಲಸಕ್ಕೆ ಸಂಘವೇಕೆ ಎಂದು ಯಾರಾದರೂ ಕೇಳಬಹುದು. ಆ ದಿನಗಳಲ್ಲಿ ರಾಸಾಯನಿಕ ದ್ರವ್ಯಗಳು ಕಡಲು ದಾಟಿ ಬರಬೇಕಿತ್ತು; ಈ ದೇಶದ ಬಿಸಿಲಿಗೂ ಸೆಕೆಗೂ ಒಗ್ಗುವ ವಿಧಾನವನ್ನು ಒಬ್ಬರು ಕಂಡುಕೊಂಡರೆ ಇನ್ನೊಬ್ಬರಿಗೆ ಹೇಳಿಕೊಡಬೇಕಿತ್ತು. ಅರಿವನ್ನು ಹಂಚಿಕೊಳ್ಳದೆ ಯಾರೊಬ್ಬರೂ ಮುಂದೆ ಹೋಗುವಂತಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಬೆಂಗಳೂರು ಹವ್ಯಾಸಿ ಛಾಯಾಗ್ರಾಹಕರ ತವರಾಗಿ ಬೆಳೆಯಿತು. ಮೈಸೂರು ಫೋಟೋಗ್ರಾಫಿಕ್ ಸೊಸೈಟಿಯು ಮೈಸೂರಿನ ಹೆಸರು ಹೊತ್ತಿದ್ದರೂ ಬೆಂಗಳೂರಿನಲ್ಲಿ ಕೆಲಸ ಮಾಡಿತು. 1973ರ ನವೆಂಬರ್ 1ರವರೆಗೆ ರಾಜ್ಯದ ಹೆಸರೇ ಮೈಸೂರು ತಾನೆ! 1953ರಲ್ಲಿ ದೇಶದ ಸಂಘಗಳನ್ನೆಲ್ಲ ಒಂದುಗೂಡಿಸಲು ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ ಎಂಬ ಒಕ್ಕೂಟ ಸ್ಥಾಪನೆಯಾದಾಗ, ಅದಕ್ಕಾಗಿ ದುಡಿದವರಲ್ಲಿ ಮುಂದಾಳಾಗಿದ್ದವರು ಬೆಂಗಳೂರಿನ ಡಾ. ಜಿ. ಥಾಮಸ್. 1840ರಿಂದ 1980ರವರೆಗಿನ ಭಾರತೀಯ ಛಾಯಾಗ್ರಹಣದ ಚರಿತ್ರೆಯನ್ನು ಬರೆದವರೂ ಅವರೇ. ಆ ಪುಸ್ತಕ 1981ರಲ್ಲಿ ಪ್ರಕಟವಾಯಿತು. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಜನ್ಮತಾಳಿತು. ಬೆಂಗಳೂರಿನ ಇ. ಹನುಮಂತರಾವ್ ಮತ್ತು ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ಕನ್ನಡನಾಡಿನ ಕಾಡಿನ ಪ್ರಾಣಿಪಕ್ಷಿಗಳನ್ನು ಹೊರದೇಶಗಳ ಪ್ರದರ್ಶನ ಮಂದಿರಗಳವರೆಗೆ ಕೊಂಡೊಯ್ದರು. 2017ರಲ್ಲಿ ಪೆರುಮಾಳ್ ತೀರಿಕೊಂಡಾಗ, ಅವರಿಂದ ಪಾಠ ಹೇಳಿಸಿಕೊಂಡಿದ್ದ ಒಂದು ಇಡೀ ಪೀಳಿಗೆ ಹಿರಿಯರನ್ನು ಕಳೆದುಕೊಂಡಿತು.

ಇವೆಲ್ಲ ದೊಡ್ಡ ಹೆಸರುಗಳು. ಆದರೆ ಸಂಘಗಳು ದೊಡ್ಡ ಹೆಸರುಗಳಿಂದ ಮಾತ್ರ ನಡೆಯಲಾರವು. ಕುರ್ಚಿ ಜೋಡಿಸುವವರು, ಚಂದಾ ವಸೂಲು ಮಾಡುವವರು, ಚಿತ್ರಗಳನ್ನು ರಟ್ಟಿಗೆ ಅಂಟಿಸಿ ಪ್ರದರ್ಶನಕ್ಕೆ ಅಣಿಮಾಡುವವರು, ಕಾಫಿಗೆ ಹೇಳಿ ಬರುವವರು, ಇಂಥ ಎಲೆಮರೆಯ ಕಾಯಿಗಳೇ ಅವುಗಳ ಜೀವಾಳ.

ಮಾವಿನ ಮರದ ಪೊಟರೆ

ಒಂದು ಮಾರ್ಚ್ ತಿಂಗಳ ಆರಂಭದ ಭಾನುವಾರ. ಬಂಡೆಯ ಮೇಲಿನಿಂದ ಇಳಿದ ಗುಂಪು ತೋಟದೊಳಗೆ ಚದುರಿತ್ತು. ಕೆಲವರು ಗಾಜಿನ ಮನೆಯ ಕಬ್ಬಿಣದ ಕಮಾನುಗಳ ನೆರಳನ್ನು ಹಿಡಿಯಲು ಹೋದರು. ಕೆಲವರು ಕೆರೆಯ ದಂಡೆಯಲ್ಲಿ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆಗಳ ಕಡೆಗೆ ನಡೆದರು. ಸಂಘಕ್ಕೆ ಸೇರಿ ಎರಡು ತಿಂಗಳಾಗಿದ್ದ ತರುಣನೊಬ್ಬ ಹಳೆಯ ಮಾವಿನ ಮರವೊಂದರ ಕೆಳಗೆ ನಿಂತುಬಿಟ್ಟಿದ್ದ. ಮರದ ಪೊಟರೆಯಿಂದ ಎರಡು ಹಳದಿ ಕಣ್ಣುಗಳು ಅವನನ್ನೇ ದಿಟ್ಟಿಸುತ್ತಿದ್ದವು. ಅದು ಹಾಲಕ್ಕಿ. ಮೈಮೇಲೆ ಅಕ್ಕಿ ಚೆಲ್ಲಿದಂತೆ ಬಿಳಿಯ ಚುಕ್ಕೆಗಳುಳ್ಳ, ಅಂಗೈಗಿಂತ ತುಸು ದೊಡ್ಡದಾದ ಪುಟ್ಟ ಗೂಬೆ. ಶಕುನ ನುಡಿಯುತ್ತದೆಂದು ಹಳ್ಳಿಗರು ನಂಬುವ ಹಕ್ಕಿ.

ತರುಣನ ಎದೆ ಡವಗುಟ್ಟಿತು. ಆದರೆ ಒಂದು ತೊಡಕು. ಪೊಟರೆಯ ಮುಂದೆ ಒಂದು ಎಳೆಯ ರೆಂಬೆ ಚಾಚಿಕೊಂಡಿತ್ತು. ಅದರ ತುದಿಯ ಎಲೆಯೊಂದು ಹಕ್ಕಿಯ ಅರ್ಧ ಮುಖವನ್ನು ಮುಚ್ಚಿತ್ತು. ಅವನು ಆಚೆ ಈಚೆ ಸರಿದು ನೋಡಿದ. ಎಲೆ ಸರಿಯಲಿಲ್ಲ. ಕೊನೆಗೆ ಕ್ಯಾಮೆರಾವನ್ನು ಬೆನ್ನಿಗೆ ಹಾಕಿಕೊಂಡು, ಬೇರಿನ ಮೇಲೆ ಕಾಲಿಟ್ಟು ಹತ್ತಿ, ರೆಂಬೆಗೆ ಕೈಚಾಚಿದ.

“ನಿಲ್ಲಪ್ಪ.”

ಸಣ್ಣ ದನಿ, ಆದರೆ ಗಟ್ಟಿಯಾದ ದನಿ. ತಿರುಗಿ ನೋಡಿದರೆ ಗುಂಪಿನ ಅತ್ಯಂತ ಹಿರಿಯರು. ಎಪ್ಪತ್ತೈದರ ಆಸುಪಾಸಿನ ವಯಸ್ಸು, ಬಿಳಿಯ ಜುಬ್ಬ, ಕೊರಳಲ್ಲಿ ಎರಡು ಮಸೂರಗಳ ಹಳೆಯ ರೊಲಿಫ್ಲೆಕ್ಸ್.

“ಒಂದೇ ಒಂದು ಎಲೆ, ಸಾರ್,” ಎಂದ ತರುಣ.

“ನಿನಗೆ ಒಂದು ಎಲೆ. ಅದಕ್ಕೆ ಮನೆಯ ಬಾಗಿಲು,” ಎಂದರು ಹಿರಿಯರು. “ಆ ಎಲೆ ಹೋದರೆ ಮಧ್ಯಾಹ್ನದ ಬಿಸಿಲು ನೇರ ಒಳಗೆ ಬೀಳುತ್ತದೆ. ಮೇಲೆ ನೋಡು, ಕಾಗೆಗಳು ಎಷ್ಟಿವೆ. ಈ ತಿಂಗಳು ಅದು ಮೊಟ್ಟೆಯಿಟ್ಟು ಮರಿಮಾಡುವ ಕಾಲ. ಇಂದು ನೀನು ಚಿತ್ರ ತೆಗೆದುಕೊಂಡು ಮನೆಗೆ ಹೋಗುತ್ತೀಯೆ. ನಾಳೆ ಇಲ್ಲಿ ಇರಬೇಕಾದ್ದು ಅದು.”

ತರುಣ ಕೆಳಗಿಳಿದ. ಹಿರಿಯರು ಮೆತ್ತಗಾದರು. “ನಮ್ಮ ಕಾಲದಲ್ಲಿ ನಾವೂ ಗೂಡಿನ ಎದುರಿಗೆ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕುಳಿತವರೇ. ಆಗ ಅದನ್ನೇ ಸಾಹಸ ಎನ್ನುತ್ತಿದ್ದರು. ನಮ್ಮಿಂದ ಎಷ್ಟು ಗೂಡುಗಳು ಬರಿದಾದವೋ, ಲೆಕ್ಕ ಇಟ್ಟವರಾರು? ಇಂದು ಎಷ್ಟೋ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಒಳ್ಳೆಯದೇ ಆಯಿತು. ದೂರ ನಿಂತು ಒಂದೆರಡು ಸಲ ತೆಗೆದುಕೊ, ಮಿಂಚುದೀಪ ಬೇಡ, ಹೊರಟುಬಿಡೋಣ. ಎಲೆ ಇರಲಿ.”

ಎಲೆ ಇತ್ತು. ತರುಣ ದೂರದಿಂದಲೇ ಎರಡು ಚಿತ್ರ ತೆಗೆದ. ಅರ್ಧ ಮುಖ ಎಲೆಯ ಹಿಂದೆ; ಒಂದು ಕಣ್ಣು ಮಾತ್ರ, ಅರಿಸಿನದ ಬೊಟ್ಟಿನಂತೆ, ಹೊರಗೆ.

ಹೆಸರಿಲ್ಲದ ಚಿತ್ರಗಳು

ಸಂಘದ ಮಾಸಿಕ ಸಭೆ ನಡೆಯುವುದು ಸಂಜೆ, ಬಾಡಿಗೆಯ ಒಂದು ಸಣ್ಣ ಸಭಾಂಗಣದಲ್ಲಿ. ಹಿಂದೆ ಇಂಥ ಸಭೆಗಳಲ್ಲಿ ಹನ್ನೆರಡು ಹದಿನೈದು ಅಂಗುಲದ ಮುದ್ರಿತ ಚಿತ್ರಗಳನ್ನು ಒಂದೊಂದಾಗಿ ಹಲಗೆಯ ಮೇಲಿರಿಸಿ, ಮೇಲಿನಿಂದ ದೀಪ ಹಾಯಿಸಿ ನೋಡುತ್ತಿದ್ದರು. ಈಗ ಹೆಚ್ಚಿನವು ಪರದೆಯ ಮೇಲೆ ಮೂಡುತ್ತವೆ. ಕ್ರಮ ಮಾತ್ರ ಬದಲಾಗಿಲ್ಲ. ಚಿತ್ರ ಯಾರದೆಂದು ಹೇಳುವಂತಿಲ್ಲ. ಹೊರಗಿನಿಂದ ಬಂದ ವಿಮರ್ಶಕರು ಗುಣದೋಷಗಳನ್ನು ಹೇಳುತ್ತಾರೆ, ಅಂಕ ಕೊಡುತ್ತಾರೆ; ತೆಗೆದವರು ಬಾಯಿಗೆ ಬೀಗ ಹಾಕಿಕೊಂಡು ಕೇಳಬೇಕು. ದೊಡ್ಡ ಪ್ರದರ್ಶನಗಳಲ್ಲಿಯೂ ಇದೇ ಬಗೆ. ಅಲ್ಲಿ ಆಯ್ಕೆಯಾದ ಚಿತ್ರಗಳ ಲೆಕ್ಕ ಸೇರುತ್ತ ಹೋದಂತೆ, 1950ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟವು ‘ಕಲಾವಿದ’, ‘ಶ್ರೇಷ್ಠ’ ಎಂಬ ಅರ್ಥ ಬರುವ ಬಿರುದುಗಳನ್ನು ಕೊಡುತ್ತದೆ. ಅನೇಕರನ್ನು ಸಂಘಕ್ಕೆ ಎಳೆದುತರುವುದೂ ಈ ಬಿರುದುಗಳೇ. ಅವು ಕೈಸೇರಿದ ಮೇಲೆ ಮನೆಗೆ ಕಳುಹಿಸುವುದೂ ಅವೇ.

ಮಾರ್ಚ್ ಕಡೆಯ ಸಭೆಯಲ್ಲಿ ಹಾಲಕ್ಕಿಯ ಚಿತ್ರ ಪರದೆಯ ಮೇಲೆ ಬಂದಿತು. ವಿಮರ್ಶಕರು ಕನ್ನಡಕವನ್ನು ಸರಿಪಡಿಸಿಕೊಂಡರು. ಬೆಳಕು ಚೆನ್ನಾಗಿದೆ ಎಂದರು. ಬಣ್ಣವೂ ಚೆನ್ನಾಗಿದೆ ಎಂದರು. “ಆದರೆ ಅಡ್ಡ ಬಂದಿರುವ ಈ ಎಲೆಯನ್ನು ಛಾಯಾಗ್ರಾಹಕರು ಹೇಗೆ ಗಮನಿಸಲಿಲ್ಲವೋ ತಿಳಿಯದು. ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು. ಇದು ಅಜಾಗರೂಕತೆ.” ಅಂಕಗಳಲ್ಲಿ ಆ ಚಿತ್ರ ಕೊನೆಯಿಂದ ಮೂರನೆಯದಾಯಿತು.

ತರುಣನ ಮುಖ ಕೆಂಪೇರಿತು. ಎದ್ದು ಹೇಳುವಂತಿಲ್ಲ. ಕಾರಣ ಬಲ್ಲವರು ಸಭೆಯಲ್ಲಿ ಇನ್ನೊಬ್ಬರೇ. ಅವರೂ ನಿಯಮಕ್ಕೆ ಕಟ್ಟುಬಿದ್ದು ಸುಮ್ಮನೆ ಕುಳಿತಿದ್ದರು. ಸಭೆ ಮುಗಿದು, ದೀಪಗಳು ಹತ್ತಿ, ಕಾಫಿ ಬರುವ ಹೊತ್ತಿಗೆ ತರುಣನ ಕುರ್ಚಿ ಬರಿದಾಗಿತ್ತು. ಮುಂದಿನ ಭಾನುವಾರ ಅವನು ಲಾಲ್‌ಬಾಗಿಗೆ ಬರಲಿಲ್ಲ. ಸದಸ್ಯರ ದೂರವಾಣಿಯ ಗುಂಪಿನಿಂದಲೂ ಸದ್ದಿಲ್ಲದೆ ಹೊರಗೆ ಹೋದ. ಹೋಗುವವರು ಹೋಗುವುದೇ ಹೀಗೆ. ಯಾರೂ ಜಗಳವಾಡಿಕೊಂಡು ಹೋಗುವುದಿಲ್ಲ.

ಮೂವತ್ತಾರು ಕಾರ್ಡುಗಳು

ಆ ಹಿರಿಯರಿಗೆ ಈ ಮೌನದ ಗುರುತು ಚೆನ್ನಾಗಿಯೇ ಇತ್ತು. ಅವರೂ ಒಮ್ಮೆ ಹೀಗೆಯೇ ಮರೆಯಾದವರು.

ಅವರು ಛಾಯಾಗ್ರಹಣ ಕಲಿತದ್ದು ಕತ್ತಲೆಕೋಣೆಯ ಕಾಲದಲ್ಲಿ. ಮಲ್ಲೇಶ್ವರದ ಮನೆಯ ಬಚ್ಚಲಿಗೆ ರಾತ್ರಿ ಕಪ್ಪು ಕಂಬಳಿಯ ಪರದೆ ಕಟ್ಟಿ, ಕೆಂಪು ದೀಪ ಹಚ್ಚಿ, ಮೂರು ತಟ್ಟೆಗಳನ್ನು ಸಾಲಾಗಿ ಇಡುತ್ತಿದ್ದರು. ಮೊದಲನೆಯದರಲ್ಲಿ ಚಿತ್ರವನ್ನು ಮೂಡಿಸುವ ಡೆವಲಪರ್. ಎರಡನೆಯದರಲ್ಲಿ ಅದನ್ನು ತಡೆಯುವ ಹುಳಿನೀರು. ಮೂರನೆಯದರಲ್ಲಿ ಚಿತ್ರವನ್ನು ಶಾಶ್ವತಗೊಳಿಸುವ ಹೈಪೊ. ಬಿಳಿಯ ಕಾಗದದ ಮೇಲೆ, ಕೆಂಪು ಮಬ್ಬಿನಲ್ಲಿ, ಮೊದಲು ಕಣ್ಣು, ಆಮೇಲೆ ಹುಬ್ಬು, ಆಮೇಲೆ ಇಡೀ ಮುಖ ತೇಲಿಬರುವ ಗಳಿಗೆಗಾಗಿ ಅವರು ನಿದ್ದೆಗೆಟ್ಟದ್ದುಂಟು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ತಿಂಗಳ ಸಂಬಳದಲ್ಲಿ ಎರಡು ಸುರುಳಿಗಿಂತ ಹೆಚ್ಚು ಕೊಳ್ಳಲು ಆಗದ ದಿನಗಳವು. 1960ರಲ್ಲಿ ಸ್ಥಾಪನೆಯಾದ ಉದಕಮಂಡಲದ ಸರ್ಕಾರಿ ಕಾರ್ಖಾನೆಯಿಂದ ‘ಇಂದು’ ಎಂಬ ಹೆಸರಿನ ದೇಶೀ ಫಿಲ್ಮು ಬರತೊಡಗಿದಾಗ ಹವ್ಯಾಸಿಗಳಿಗೆ ಎಷ್ಟೋ ನಿರಾಳವಾಗಿತ್ತು.

ಆ ‘ಇಂದು’ ಇಂದು ಇಲ್ಲ. ಹೊಸ ಶತಮಾನದೊಂದಿಗೆ ಡಿಜಿಟಲ್ ಕ್ಯಾಮೆರಾ ಬಂದಿತು. ಫಿಲ್ಮಿನ ಮಾರಾಟ ಕುಸಿಯಿತು. ಕೊಡಾಕ್‌ನಂಥ ದೈತ್ಯ ಸಂಸ್ಥೆಯೇ 2012ರಲ್ಲಿ ದಿವಾಳಿಯ ಅರ್ಜಿ ಹಾಕಬೇಕಾಯಿತು. ಸಂಘದ ಸಭೆಗಳಲ್ಲಿ ಹೈಪೊ, ಬ್ರೊಮೈಡುಗಳ ಮಾತು ನಿಂತು, ಹಿರಿಯರಿಗೆ ಅರ್ಥವಾಗದ ಹೊಸ ಪರಿಭಾಷೆ ತುಂಬಿಕೊಂಡಿತು. ಇಪ್ಪತ್ತರ ಹುಡುಗರು ಕಂಪ್ಯೂಟರಿನ ಮುಂದೆ ಕುಳಿತು ಹತ್ತು ನಿಮಿಷಗಳಲ್ಲಿ ಮಾಡುವುದನ್ನು ಅವರು ರಾತ್ರಿಯಿಡೀ ಮಾಡುತ್ತಿದ್ದರು. ಕೇಳಿ ಕಲಿಯಲು ಸಂಕೋಚ. ಕಲಿಯದೆ ಕುಳಿತಿರಲು ಅವಮಾನ. ಒಂದು ತಿಂಗಳು ತಪ್ಪಿಸಿದರು, ಎರಡು ತಿಂಗಳು ತಪ್ಪಿಸಿದರು; ಆಮೇಲೆ ಹೋಗುವುದನ್ನೇ ಬಿಟ್ಟರು.

ಸಂಘದ ಪ್ರಕಟಣೆಗಳೆಲ್ಲ ಅಷ್ಟು ಹೊತ್ತಿಗೆ ಮಿಂಚಂಚೆಯಲ್ಲಿ ಹೋಗುತ್ತಿದ್ದವು. ಈ ಒಬ್ಬ ಸದಸ್ಯರಿಗೆ ಮಿಂಚಂಚೆಯ ವಿಳಾಸವಿಲ್ಲವೆಂದು ಕಾರ್ಯದರ್ಶಿಯಾಗಿದ್ದ ಮಹಿಳೆಗೆ ತಿಳಿದಿತ್ತು. ಆಕೆ ದೊಡ್ಡ ಉಪಾಯವನ್ನೇನೂ ಮಾಡಲಿಲ್ಲ. ಪ್ರತಿ ತಿಂಗಳೂ ಐವತ್ತು ಪೈಸೆಯ ಅಂಚೆ ಕಾರ್ಡೊಂದನ್ನು ಕೊಂಡು, ಮುಂದಿನ ಸಭೆಯ ದಿನ, ವೇಳೆ, ವಿಷಯಗಳನ್ನು ಮೂರು ಸಾಲಿನಲ್ಲಿ ಬರೆದು ಹಾಕುತ್ತಿದ್ದರು. ಕೆಳಗೆ, ತಪ್ಪದೆ, ಒಂದು ಮಾತು: ‘ತಾವು ಬರಬೇಕು.’ ಉತ್ತರ ಬರಲಿಲ್ಲ. ಕಾರ್ಡು ನಿಲ್ಲಲಿಲ್ಲ. ಮೂರು ವರ್ಷ ಕಳೆದವು. ಒಂದು ದಿನ ಹಿರಿಯರು ಆ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ಎಣಿಸಿದರು. ಮೂವತ್ತಾರಿದ್ದವು; ಸಣ್ಣ ಕ್ಯಾಮೆರಾದ ಫಿಲ್ಮಿನ ಒಂದು ಸುರುಳಿಗೆ ಸರಿಯಾಗಿ! ಅವರಿಗೆ ನಗು ಬಂದಿತು, ಕಣ್ಣೂ ತುಂಬಿತು. ಮುಂದಿನ ಸಭೆಗೆ ಹೋದರು.

ಹೋದವರಿಗೆ ಅಲ್ಲಿ ಸನ್ಮಾನವೇನೂ ಆಗಲಿಲ್ಲ. “ಬಂದಿರಾ, ಸಾರ್? ಕತ್ತಲೆಕೋಣೆಯ ಕೆಲಸ ನೋಡಬೇಕೆಂದು ಹುಡುಗರು ಕೇಳುತ್ತಿದ್ದಾರೆ. ತಾವೇ ತೋರಿಸಿಕೊಡಬೇಕು,” ಎಂದರು ಆಕೆ. ಮುಂದಿನ ತಿಂಗಳು ಸಭಾಂಗಣದ ಪಕ್ಕದ ಕಿರುಕೋಣೆಗೆ ಮತ್ತೆ ಕಪ್ಪು ಕಂಬಳಿ ಬಂದಿತು. ಕೆಂಪು ದೀಪದಡಿಯಲ್ಲಿ ಬಿಳಿಯ ಕಾಗದದಿಂದ ಮುಖವೊಂದು ಮೇಲೇಳುವುದನ್ನು ಕಂಡು ಹುಡುಗರು ಉಸಿರು ಬಿಗಿಹಿಡಿದು ನಿಂತರು. ಅದಕ್ಕೆ ಪ್ರತಿಯಾಗಿ ಅವರೇ ಹಿರಿಯರಿಗೆ ಕಂಪ್ಯೂಟರಿನ ಓನಾಮ ಕಲಿಸಿದರು. 2020ರ ಮಾರ್ಚ್ ಕಡೆಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತು, ಸಂಘದ ಸಭೆಗಳೂ ಮನೆಮನೆಯ ಪರದೆಗಳ ಮೇಲೆ ನಡೆಯಬೇಕಾಗಿ ಬಂದಾಗ, ಒಂದು ಸಂಜೆಯನ್ನೂ ತಪ್ಪಿಸದೆ ಹಾಜರಾದವರಲ್ಲಿ ಅವರು ಒಬ್ಬರಾಗಿದ್ದರು. ಕಿಟಕಿಯ ಹೊರಗಿನ ಸಂಪಿಗೆ ಮರ, ಅಡುಗೆಮನೆಯ ಹಬೆ, ಮೊಮ್ಮಗಳ ಬೆರಳುಗಳು, ಇವೇ ಆಗ ಅವರ ಲಾಲ್‌ಬಾಗು.

ಏಪ್ರಿಲ್ ತಿಂಗಳ ಒಂದು ಕಾರ್ಡು

ಹೀಗಿರುವಾಗ, ಕೋಪಿಸಿಕೊಂಡು ಹೋದ ತರುಣನಿಗೆ ಉಪದೇಶ ಹೇಳಲು ಹಿರಿಯರು ಮುಂದಾಗಲಿಲ್ಲ. ವಿಮರ್ಶಕರು ತಪ್ಪೆಂದೂ ಹೇಳಲಿಲ್ಲ. ಚಿತ್ರದಷ್ಟನ್ನೇ ಕಂಡವರಿಗೆ ಎಲೆ ಅಡ್ಡವಾಗಿಯೇ ಕಂಡೀತು; ಅದರ ಹಿಂದಿನ ಕಥೆ ಅವರಿಗೆ ಹೇಗೆ ಗೊತ್ತು? ಆದರೆ ಮಾವಿನ ಮರದ ಹತ್ತಿರಕ್ಕೆ ಹೋಗುವುದನ್ನು ಮಾತ್ರ ಅವರು ಬಿಡಲಿಲ್ಲ. ಮಲ್ಲೇಶ್ವರದ ಕಡೆಯಿಂದ ಮೆಟ್ರೊ ರೈಲು ಹತ್ತಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು, ಕ್ಯಾಮೆರಾ ಇಲ್ಲದೆಯೇ, ದೂರದ ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ ಕುಳಿತು ಬರುತ್ತಿದ್ದರು. ಏಪ್ರಿಲ್ ನಡುವಿನ ಒಂದು ಸಂಜೆ, ಕತ್ತಲಾಗುವ ಹೊತ್ತು, ಪೊಟರೆಯ ಬಾಯಲ್ಲಿ ಎರಡು ಬೂದುಬಣ್ಣದ ಹತ್ತಿಯ ಉಂಡೆಗಳು ಕಾಣಿಸಿಕೊಂಡವು. ತಾಯಿ ಹಕ್ಕಿ ಪಕ್ಕದ ಕೊಂಬೆಯ ಮೇಲೆ ಕುಳಿತು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿತ್ತು.

ಮರುದಿನ ಹಿರಿಯರು ಅಂಚೆ ಕಚೇರಿಗೆ ಹೋಗಿ ಒಂದು ಕಾರ್ಡು ಕೊಂಡರು. ಹುಟ್ಟಿದಾರಭ್ಯ ಒಂದು ಕಾಗದವೂ ಅಂಚೆಯಲ್ಲಿ ಬಂದಿರದ ಆ ತರುಣನಿಗೆ ಮೂರನೆಯ ದಿನ ಅದು ತಲುಪಿತು. ಅದರಲ್ಲಿದ್ದದ್ದು ಇಷ್ಟು:

‘ಬರುವ ಭಾನುವಾರ ಆರು ಗಂಟೆಗೆ, ಬಂಡೆಯ ಮೇಲೆ. ಹಾಲಕ್ಕಿಗೆ ಎರಡು ಮರಿಗಳಾಗಿವೆ. ಎಲೆ ಹಾಗೆಯೇ ಇದೆ.’

ಭಾನುವಾರ ಆರು ಗಂಟೆಗೆ ಅವನು ಬರಲಿಲ್ಲ. ಆರೂಮುಕ್ಕಾಲಾಯಿತು. ಗುಂಪು ಬಂಡೆಯಿಂದ ಇಳಿದು ಮರಗಳ ನಡುವೆ ಚದುರಿತು. ಹಿರಿಯರು ಕಲ್ಲುಬೆಂಚಿನತ್ತ ನಡೆದರು. ಅಲ್ಲಿ ಅದಾಗಲೇ ಒಬ್ಬರು ಕುಳಿತಿದ್ದರು. ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯದೆ, ಕತ್ತು ಎತ್ತಿ, ಪೊಟರೆಯನ್ನೇ ನೋಡುತ್ತ. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಎದ್ದು ಹೊರಡುವಾಗ ಹಿರಿಯರು ಹೇಳಿದರು: “ಶನಿವಾರದ ಸಭೆಗೆ ಸ್ವಲ್ಪ ಬೇಗ ಬಾಪ್ಪ. ಕುರ್ಚಿ ಜೋಡಿಸಲು ನನ್ನೊಬ್ಬನ ಕೈಲಿ ಆಗುವುದಿಲ್ಲ.”